ಹುಜ್ಜತಿ ಅತ್ಯಾ

ನಮ್ಮ ಅತ್ಯಾ ಈವರೆಗೆ ಯಾರೊಂದಿಗೂ ಜಗಳವಾಡಿದವಳಲ್ಲ. ಇದನ್ನು ಓದಿ ಮಾನ್ವಿಯ ಜನ ನಕ್ಕರೆ ನಗಲಿ. ದೇವದುರ್ಗದ ಶಾಲೆಯಲ್ಲಿ ಅವಳ ಕೈಯಲ್ಲಿ ಕಲಿತವರು, ಈಗ ಅವರ ಮೀಸೆಗಳೂ ನರೆತಿವೆ, ನನ್ನನ್ನು ಸುಳ್ಳಿ ಎಂದರೆ ಎನ್ನಲಿ. ಜಗಳ ಬೇರೆ, ಹುಜ್ಜತ್ ಬೇರೆ. ನಮ್ಮ ಅತ್ಯಾ ಮಾಡುವುದು ಹುಜ್ಜತ್!

ನಮ್ಮ ಕಡೆಯವರಲ್ಲದವರಿಗೆ ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜಗಳಕ್ಕೆ ಒಂದು ಕಾರಣ ಬೇಕು. ವಾದಕ್ಕೆ ಒಂದು ವಿಷಯ ಬೇಕು. ತಕರಾರು ತೆಗೆಯಲು ಸಣ್ಣದೋ ದೊಡ್ಡದೋ ಒಂದು ಅನ್ಯಾಯವಾದರೂ ಆಗಿರಬೇಕು. ಹುಜ್ಜತಿಗೆ ಇವು ಯಾವುವೂ ಬೇಡ, ಎದುರಿಗೆ ಒಬ್ಬ ಮನುಷ್ಯ ಇದ್ದರೆ ಸಾಕು. ನೀವು "ಇವತ್ತು ಬಿಸಿಲು ಭಾಳ ಅದ" ಅನ್ನುತ್ತೀರಿ ಎಂದುಕೊಳ್ಳಿ. ಸಾಧು ಮನುಷ್ಯ ಹೌದು ಎನ್ನುತ್ತಾನೆ. ಜಗಳಗಂಟ ಇದ್ದರೆ ನಿನಗೇನು ಎನ್ನುತ್ತಾನೆ. ಹುಜ್ಜತಿ ಎನಿಸಿಕೊಂಡವರು "ಎಲ್ಲಿ ಅದ? ನಿನ್ನಿ ಇತ್ತು" ಎನ್ನುತ್ತಾರೆ. ಅದೂ ರಾಯಚೂರಿನ ಮೇ ತಿಂಗಳಲ್ಲಿ, ನಡು ಮಧ್ಯಾಹ್ನ, ತೀನ್ ಕಂದೀಲ್ ಚೌಕದ ಹತ್ತಿರ ರಸ್ತೆಯ ಮೇಲೆ ನಿಂತುಕೊಂಡು!

ಮಕ್ಕಳು ಊಟಕ್ಕೆ ಒಲ್ಲೆ ಎಂದರೆ ನಾವು "ಹುಜ್ಜತ್ ಮಾಡಬ್ಯಾಡ" ಎನ್ನುತ್ತೇವೆ. ಪಕ್ಕದ ಮನೆಯವರು ಗೋಡೆಗಾಗಿ ಮಾತು ಬೆಳೆಸಿದರೆ "ಹುಜ್ಜತಿಗೆ ಬಿದ್ದಾರ" ಎನ್ನುತ್ತೇವೆ. ಆದರೆ ಹುಜ್ಜತಿ ಎಂದು ಒಬ್ಬರಿಗೆ ಹೆಸರಾಗಿ ಅಂಟಿಕೊಳ್ಳುವುದು ಅಪರೂಪ. ಅದರಲ್ಲೂ ಒಂದು ತಮಾಷೆಯಿದೆ ನೋಡಿ. ನಮ್ಮದು ದೇವರ ಸೇವೆಯ ಮನೆತನ. ಊಟವಾದ ಮೇಲೆ ಗಂಡಸರು ಪಡಸಾಲೆಯಲ್ಲಿ ಕೂತು ಶ್ಲೋಕದ ಒಂದೇ ಒಂದು ಪದ ಹಿಡಿದು ಮೂರು ತಾಸು ಎಳೆದಾಡುತ್ತಿದ್ದರು. ಅದಕ್ಕೆ ಚರ್ಚೆ ಎಂದು ಹೆಸರು, ನಡುವೆ ಎರಡು ಸಲ ಕಾಫಿ ಬೇರೆ. ಒಳಗಿನಿಂದ ಅತ್ಯಾ ಒಂದೇ ಒಂದು ಪ್ರಶ್ನೆ ಕೇಳಿದರೆ ಅದು ಹುಜ್ಜತ್! ಇದು ಯಾವ ನ್ಯಾಯ ಎಂದು ಅತ್ಯಾ ಕೇಳಿದಳು. ಅದನ್ನೂ ಹುಜ್ಜತ್ ಎಂದರು.

ಅತ್ಯಾ ಎಂದರೆ ನನ್ನ ತಂದೆಯ ಅಕ್ಕ. ದೇವದುರ್ಗದಲ್ಲಿ ಪ್ರಾಥಮಿಕ ಶಾಲೆಯ ಟೀಚರಾಗಿದ್ದು ನಿವೃತ್ತಳಾದ ಮೇಲೆ ಮಾನ್ವಿಯಲ್ಲಿ ಮನೆ ಮಾಡಿಕೊಂಡಿದ್ದಾಳೆ. ಅವಳ ಗಂಡ, ನಮ್ಮ ಮಾಮಾ, ಅಂಚೆ ಕಚೇರಿಯಲ್ಲಿದ್ದವರು. ಜೀವಮಾನವೆಲ್ಲ ಬೇರೆಯವರ ಮಾತನ್ನು ಮುಚ್ಚಿದ ಲಕೋಟೆಯಲ್ಲೇ ದಾಟಿಸಿದ ಮನುಷ್ಯ, ಸ್ವಂತ ಮಾತು ಕಡಿಮೆ. ಇಷ್ಟು ವರ್ಷದಲ್ಲಿ ನೀವು ಒಮ್ಮೆಯಾದರೂ ಗೆದ್ದಿದ್ದೀರಾ ಎಂದು ಅವರನ್ನು ಒಮ್ಮೆ ಕೇಳಿದೆ. ಅವರು ಬಹಳ ಹೊತ್ತು ವಿಚಾರ ಮಾಡಿ ಹೇಳಿದರು: "ಎರಡು ಸಲ ಗೆದ್ದೀನಿ. ಎರಡೂ ಸಲ ಆಕಿಗಿ ನಿದ್ದಿ ಹತ್ತಿತ್ತು."

ಶಾಲೆಯಲ್ಲಿ ಅವಳು ಪಾಠ ಕಲಿಸಿದಳೋ ಹುಜ್ಜತ್ ಕಲಿಸಿದಳೋ ಹೇಳುವುದು ಕಷ್ಟ. ಒಮ್ಮೆ ಶಾಲೆಗೆ ಸಾಹೇಬರು ತಪಾಸಣೆಗೆ ಬಂದರು. ಮೂರನೆಯ ತರಗತಿಯ ಒಂದು ಹುಡುಗಿಯನ್ನು ಎಬ್ಬಿಸಿ ಸೂರ್ಯ ಯಾವ ದಿಕ್ಕಿನಲ್ಲಿ ಹುಟ್ಟುತ್ತಾನೆ ಎಂದು ಕೇಳಿದರು. ಆ ಹುಡುಗಿ ಸೂರ್ಯ ಹುಟ್ಟುವುದೇ ಇಲ್ಲ, ತಿರುಗುವುದು ಭೂಮಿ, ಇದು ನಿಮಗೆ ಯಾರೂ ಹೇಳಿಲ್ಲವೇ ಎಂದು ತಿರುಗಿ ಕೇಳಿತು. ಸಾಹೇಬರು ಬೆವರು ಒರೆಸಿಕೊಳ್ಳುತ್ತ ಅತ್ಯಾನ ಕಡೆ ನೋಡಿದರು. ಅತ್ಯಾ ಹುಡುಗಿಯ ಬೆನ್ನು ತಟ್ಟಿದಳೇ? ಇಲ್ಲ! ಕಣ್ಣಿಗೆ ಕಂಡದ್ದನ್ನು ಹೇಳುವುದರಲ್ಲಿ ತಪ್ಪೇನು, ಸಾಹೇಬರು ಕೇಳಿದ್ದು ಸರಿಯಾಗಿಯೇ ಇದೆ ಎಂದು ಹುಡುಗಿಯೊಂದಿಗೆ ಸಾಹೇಬರ ಪರವಾಗಿ ವಾದಕ್ಕಿಳಿದಳು. ಅವರಿಬ್ಬರ ವಾದ ಮುಗಿಯುವ ಲಕ್ಷಣ ಕಾಣದೆ ಸಾಹೇಬರು ಉಳಿದ ತರಗತಿಗಳನ್ನು ನೋಡದೆಯೇ ಜೀಪು ಹತ್ತಿದರು.

ಬಸ್ಸಿನ ಕತೆ ಇದಕ್ಕಿಂತ ಚೆನ್ನಾಗಿದೆ. ನಾನು ಕಣ್ಣಾರೆ ಕಂಡದ್ದು. ದೇವದುರ್ಗದಿಂದ ರಾಯಚೂರಿಗೆ ಹೊರಟಿದ್ದೆವು. ಮಹಿಳೆಯರ ಸೀಟಿನಲ್ಲಿ ಒಬ್ಬ ಗಂಡಸು ಕೂತಿದ್ದ. ಮೇಲೆ ಬರೆದದ್ದನ್ನು ತೋರಿಸಿ ಅತ್ಯಾ ಎಬ್ಬಿಸಿದಳು. ಪಾಪ, ಆತ ಮರುಮಾತಿಲ್ಲದೆ ಎದ್ದು ನಿಂತ. ಆತ ಮಾಡಿದ ತಪ್ಪೇ ಅದು. ಮರುಮಾತಿಲ್ಲದೆ ಸೋಲುವವರನ್ನು ಕಂಡರೆ ಅತ್ಯಾನಿಗೆ ಸಮಾಧಾನವಿಲ್ಲ.

"ಅಲ್ರೀ, ಬರದದ್ದೆಲ್ಲ ಖರೇ ಅಂತ ತಿಳಕೊಂಡು ಎದ್ದುಬಿಡೋದೇನು? ವಯಸ್ಸಾದವರಿದ್ದೀರಿ. ಕೂಡ್ರಿ."

ಆತ ಕೂತ. ಕೂತ ಕೂಡಲೇ, ಹಾಗಂತ ಹೆಂಗಸರು ನಿಂತಿರುವಾಗ ಕೂತುಬಿಡುವುದೇ ಎಂದು ಸುರುವಾಯಿತು. ಆತ ಮತ್ತೆ ಎದ್ದ. ಮಸರಕಲ್ ಬರುವಷ್ಟರಲ್ಲಿ ನಾಲ್ಕು ಸಲ ಎದ್ದು ನಾಲ್ಕು ಸಲ ಕೂತಿದ್ದ. ಮಸರಕಲ್‌ನಲ್ಲಿ ಬಸ್ಸು ನಿಂತಾಗ ಕೈ ಮುಗಿದು ಇಳಿದೇ ಹೋದ. ಆತನ ಊರು ಇನ್ನೂ ಮುಂದಿತ್ತು ಎಂದು ಕಂಡಕ್ಟರ್ ಆಮೇಲೆ ಹೇಳಿದ!

ಇನ್ನು ಏಕಾದಶಿ. ನಮ್ಮಲ್ಲಿ ಏಕಾದಶಿ ಎಂದರೆ ಫಲಾಹಾರದ ಏಕಾದಶಿಯಲ್ಲ, ಗುಟುಕು ನೀರೂ ಇಳಿಸದ ಉಪವಾಸ. ತೊಡಕೇನೆಂದರೆ ಆಗಾಗ ಒಂದು ಪಂಚಾಂಗ ಇವತ್ತು ಎನ್ನುತ್ತದೆ, ಇನ್ನೊಂದು ನಾಳೆ ಎನ್ನುತ್ತದೆ. ಬೇರೆಯವರ ಮನೆಯಲ್ಲಿ ಒಂದೇ ಪಂಚಾಂಗವಿರುತ್ತದೆ, ನಿಶ್ಚಿಂತೆ. ಅತ್ಯಾ ಒಂದೇ ಮೊಳೆಗೆ ಎರಡನ್ನೂ ತೂಗುಹಾಕಿದ್ದಾಳೆ. ಒಂದು ಬುಧವಾರ ಎದುರುಮನೆಯವರು ಇವತ್ತು ಏಕಾದಶಿ ಎಂದರು. ಅತ್ಯಾ ಎರಡನೆಯ ಪಂಚಾಂಗ ತೆಗೆದು ನಾಳೆ ಎಂದು ಸಾಧಿಸಿದಳು. ಅವರು ಸೋತು, ಒಪ್ಪಿಕೊಂಡು, ಮನೆಗೆ ಹೋಗಿ ಅನ್ನಕ್ಕಿಟ್ಟರು. ಅವರು ಅಷ್ಟು ಸುಲಭವಾಗಿ ಒಪ್ಪಿದ್ದಕ್ಕೇ ಅತ್ಯಾನಿಗೆ ಸಂಶಯ ಬಂತು, ಅವರು ಹೇಳಿದ್ದೇ ಸರಿಯಿದ್ದರೆ ಏನು ಗತಿ ಎಂದು ತಾನು ಒಲೆ ಹಚ್ಚಲಿಲ್ಲ. ಗುರುವಾರ ಪಕ್ಕದ ಮನೆಯವರು ಬಂದು ಇವತ್ತು ಏಕಾದಶಿ ಅಲ್ಲವೇ ಎಂದರು. ಅತ್ಯಾ ಮೊದಲನೆಯ ಪಂಚಾಂಗ ತೆಗೆದು, ನಿನ್ನೆಯೇ ಆಯಿತು, ನಾನು ಉಪವಾಸ ಮಾಡಿ ಮುಗಿಸಿದ್ದೇನೆ ಎಂದು ಅವರನ್ನೂ ಗೆದ್ದಳು. ಗೆದ್ದ ಮೇಲೆ ಮತ್ತೆ ಅದೇ ಸಂಶಯ, ಮತ್ತೆ ತಣ್ಣಗಿನ ಒಲೆ. ಶುಕ್ರವಾರ ಬೆಳಿಗ್ಗೆ ನಾನು ಹೋದಾಗ ಮಾಮಾ ಪಾರಣೆಯ ತಟ್ಟೆಯ ಮುಂದೆ ಕೂತಿದ್ದರು. ನನ್ನನ್ನು ನೋಡಿ ಮೆಲ್ಲಗೆ, "ವಾದ ಆಕೀದು, ಉಪವಾಸ ನಂದು" ಎಂದರು.

ಇಷ್ಟೆಲ್ಲ ಇದ್ದರೂ ಅವಳ ಹುಜ್ಜತಿಗೆ ಒಂದು ಹದ ಇತ್ತು. ಹದ ತಪ್ಪಿದ್ದು ಈಚಿನ ಎರಡು ವರ್ಷದಲ್ಲಿ. ಬಾಗಿಲಿಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಸುರುಮಾಡುತ್ತಿದ್ದಳು. ಹಾಲಿನವನಿಗೆ ಹಾಲು ಬಿಳಿ ಇಲ್ಲ ಎನ್ನುವಳು. ಅಂಚೆಯವನಿಗೆ ಈ ಕಾಗದ ನಮ್ಮದಲ್ಲ ಎನ್ನುವಳು. ನಾನು ರಾಯಚೂರಿನಲ್ಲಿದ್ದು ಯರಗೇರಾದ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಬಿಡುವಾದ ರವಿವಾರ ಮಾನ್ವಿಗೆ ಹೋಗುತ್ತೇನೆ. ಹೊಸ್ತಿಲಲ್ಲಿ ಕಾಲಿಟ್ಟರೆ ಸಾಕು, "ಇಷ್ಟು ತಡಾ ಯಾಕ?" ಎನ್ನುವಳು. ತಡ ಎಲ್ಲಿ, ಇನ್ನೂ ಹತ್ತು ಗಂಟೆ ಎಂದರೆ, "ಹಂಗಾದರ ಇಷ್ಟು ಲಗೂ ಯಾಕ ಬಂದಿ?" ಎನ್ನುವಳು. ಈಗ ನೀವೇ ಹೇಳಿ, ಮನುಷ್ಯ ಎಷ್ಟು ಗಂಟೆಗೆ ಹೋಗಬೇಕು?

ಇದಕ್ಕೆ ಒಂದು ಉಪಾಯ ಕಂಡುಹಿಡಿದವಳು ನಾನೇ. ಹುಜ್ಜತಿಗೆ ಮೌನವೇ ಮದ್ದು! ಒಳಗೆ ಹೋಗಿ ಬಾಯಿ ಬಿಡದೆ ಕೂತುಬಿಡುವುದು. ಅತ್ಯಾ ಆ ಕಡೆ ಈ ಕಡೆ ತಲೆ ತಿರುಗಿಸಿ, "ಯಾರದು ಸುಮ್ಮನ ಕೂತದ್ದು? ಬಾಯಾಗ ಏನರ ಇಟಗೊಂಡೀರೇನು?" ಎನ್ನುವಳು. ನಾನೂ ಜೊತೆಗೆ ಬಂದ ಬಳಗದ ಹೆಂಗಸರೂ ಸೆರಗು ಬಾಯಿಗೆ ಹಿಡಿದು ನಗು ತಡೆಯುತ್ತಿದ್ದೆವು. ಸ್ವಲ್ಪ ಹೊತ್ತು ಅದನ್ನೂ ಇದನ್ನೂ ಅಂದು, ಎದುರಿನಿಂದ ಉತ್ತರ ಬಾರದೆ, ಕೊನೆಗೆ ಅವಳೂ ಸುಮ್ಮನಾಗುತ್ತಿದ್ದಳು. ಈ ಉಪಾಯವನ್ನು ನಾನು ನಮ್ಮ ಬಳಗಕ್ಕೆಲ್ಲ ಹೇಳಿಕೊಟ್ಟೆ, ಎಲ್ಲರೂ ನನ್ನನ್ನು ಬಹಳ ಹೊಗಳಿದರು.

ಅವಳ ಕಣ್ಣಿಗೆ ಪೊರೆ ಬಂದಿದೆ ಎನ್ನುವುದು ನಮಗೆ ಗೊತ್ತಾದದ್ದು ರಂಗೋಲಿಯಿಂದ. ಒಂದು ಬೆಳಿಗ್ಗೆ ಅವಳ ಬಾಗಿಲಲ್ಲಿ ಸುರುವಾದ ರಂಗೋಲಿ ಪಕ್ಕದ ಮನೆಯ ಮೆಟ್ಟಿಲು ಹತ್ತಿತ್ತು. ಕೇಳಿದರೆ ಇದು ಹೊಸ ನಮೂನೆ ಎಂದಳು. ಪೇಪರು ಓದಲು ಆಗುತ್ತಿರಲಿಲ್ಲ, ಅದಕ್ಕೆ ಮಸಿ ತೆಳುವಾಗಿದೆ ಎಂದಳು. ದೀಪ ಹಾಕಿದರೆ ವೋಲ್ಟೇಜ್ ಇಲ್ಲ ಎಂದಳು. ಊಟಕ್ಕೆ ಕೂತಾಗ ಸಾರಿನ ಸೌಟು ತಟ್ಟೆಯ ಹೊರಗೆ ಬಂದು ನಿಲ್ಲುತ್ತಿತ್ತು. ಮಾಮಾ ಸದ್ದಿಲ್ಲದೆ ತಟ್ಟೆಯನ್ನು ಸೌಟಿನ ಕೆಳಗೆ ಸರಿಸಿಕೊಂಡು ಉಣ್ಣುತ್ತಿದ್ದರು. ಆಸ್ಪತ್ರೆ ಎಂದರೆ ಸಾಕು, ನನ್ನ ಕಣ್ಣು ನೆಟ್ಟಗಿದೆ, ಬೆಳಕೇ ಕೆಟ್ಟಿದೆ ಎಂದು ಜಗತ್ತಿನ ಬೆಳಕಿನ ಮೇಲೆಯೇ ತಪ್ಪು ಹೊರಿಸುತ್ತಿದ್ದಳು.

ಹೇಗೋ ಒಪ್ಪಿಸಿ ರಾಯಚೂರಿಗೆ ಕರೆತಂದೆವು. ಕಣ್ಣಿನ ಡಾಕ್ಟರು ಮುಸ್ಲಿಮರು, ಮನೆಯಲ್ಲಿ ದಖನಿ ಉರ್ದು, ಹೊರಗೆ ನಮ್ಮಷ್ಟೇ ಅಚ್ಚ ರಾಯಚೂರು ಕನ್ನಡ. ಪರೀಕ್ಷೆ ಮಾಡಿ, ಎರಡೂ ಕಣ್ಣಿನ ಪೊರೆ ಬಲಿತಿದೆ, ಬಲಗಣ್ಣಿನದು ಗಟ್ಟಿಯಾಗಿಬಿಟ್ಟಿದೆ ಎಂದರು. ಇನ್ನೂ ತಡಮಾಡಿದರೆ ಆಪರೇಷನ್ ಮಾಡಿದರೂ ದೃಷ್ಟಿ ಬರುತ್ತದೆಂದು ಹೇಳಲಾಗದು ಎಂದೂ ಸ್ಪಷ್ಟವಾಗಿ ಹೇಳಿದರು. ಮಾಮಾ ಗೋಡೆ ಹಿಡಿದು ನಿಂತರು. ಅತ್ಯಾ ಮಾತ್ರ, ಆಪರೇಷನ್ ಆದ ಮೇಲೆ ಎಷ್ಟು ದಿನ ಹನಿ ಹಾಕಬೇಕು ಎಂದು ಕೇಳಿದಳು. ಆರು ವಾರ, ದಿನಕ್ಕೆ ನಾಲ್ಕು ಸಲ ಎಂದರು ಡಾಕ್ಟರು.

"ಆರು ವಾರದಾಗ ಮೂರು ಏಕಾದಶಿ ಬರತಾವ. ಈಗ ಪರೀಕ್ಷಾಕ್ಕಂತ ಹೊರಗ ಹನಿ ಹಾಕಿದಿರಲ್ಲ, ಗಂಟಲಕ್ಕ ಕಹಿ ಬಂತು. ಗಂಟಲಕ್ಕ ಬಂತಂದರ ಕುಡದಂಗ. ಉಪವಾಸ ಮುರೀತು. ನಾ ಒಲ್ಲೆ."

ನಾನು ನಾಚಿ ನೆಲ ನೋಡಿದೆ. ಹೊರಗೆ ನಲವತ್ತು ಜನ ಕಾಯುತ್ತಿದ್ದಾರೆ, ಇವಳಿಗೆ ಏಕಾದಶಿಯ ಚಿಂತೆ! ಡಾಕ್ಟರು ನಗಲಿಲ್ಲ. ಪೆನ್ನು ಕೆಳಗಿಟ್ಟು ಹೇಳಿದರು: "ನಮ್ಮ ಅಮ್ಮೀನೂ ರಂಜಾನ್ ತಿಂಗಳದಾಗ ಇದನ್ನೇ ಕೇಳ್ತಾರ್ರಿ ಅಮ್ಮಾರೆ. ಹನಿ ಹಾಕಿದರ ರೋಜಾ ಮುರೀತದೋ ಇಲ್ಲೋ ಅಂತ."

ಅತ್ಯಾ ಕುರ್ಚಿಯಲ್ಲಿ ಮುಂದಕ್ಕೆ ಸರಿದಳು. ನೀವೇನು ಉತ್ತರ ಕೊಟ್ಟಿರಿ ಎಂದು ಕೇಳಿದಳು. ಅವರು ಅವಳ ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಮೂಲೆಗೆ ಅವಳ ಬೆರಳನ್ನೇ ಹಗುರವಾಗಿ ಇಡಿಸಿ ತೋರಿಸಿದರು. ಹನಿ ಹಾಕಿ ಹೀಗೆ ಎರಡು ನಿಮಿಷ ಹಿಡಿದರೆ ಗಂಟಲಿಗೆ ಇಳಿಯುವುದಿಲ್ಲ ಎಂದರು.

"ನಿಮ್ಮ ಅಮ್ಮಿ ಒಪ್ಪಿದರೇನು?"

"ಎಲ್ಲೀದರೀ. ನಾಕು ವರ್ಷದಿಂದ ಹುಜ್ಜತ್ ನಡದೇ ಅದ."

ಇನ್ನೊಬ್ಬ ಹೆಂಗಸಿನ ಬಗ್ಗೆ ಆ ಮಾತನ್ನು ಅತ್ಯಾ ಕೇಳಿದ್ದು ಅದೇ ಮೊದಲು. ಮುಖ ಅರಳಿತು. ಈ ಮಾತು ನಿಮ್ಮ ಭಾಷೆಯದೇ ಅಲ್ಲವೇ, ಅದರ ಅರ್ಥ ಏನು ಎಂದು ಕೇಳಿದಳು. ಡಾಕ್ಟರು ಹೇಳಿದರು: "ಈಗೆಲ್ಲ ಜಗಳ ಅಂತಾರ್ರಿ. ಆದರ ನಮ್ಮ ಹಿರೇರು ಪುರಾವಿಗೂ ಹುಜ್ಜತ್ ಅಂತಿದ್ದರು. ಪುರಾವಿ ಇಲ್ಲದ ಮಾತು ಒಪ್ಪದವರು ಹುಜ್ಜತಿ."

ಅತ್ಯಾ ನಮ್ಮ ಕಡೆ ತಿರುಗಿದಳು. ಅರವತ್ತು ವರ್ಷದಿಂದ ಬೈಗುಳವಾಗಿ ಕೇಳಿಸಿಕೊಂಡದ್ದು ಒಂದೇ ಗಳಿಗೆಯಲ್ಲಿ ಪದವಿಯಾಗಿಬಿಟ್ಟಿತ್ತು! ಆಪರೇಷನ್ನಿಗೆ ಅಲ್ಲೇ ಒಪ್ಪಿದಳು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಡಾಕ್ಟರು ಒಂದು ಮಾತು ಸೇರಿಸಿದರು: ಕಣ್ಣಿಗಷ್ಟೇ ಮದ್ದು ಕೊಡುತ್ತೇವೆ, ಎಚ್ಚರ ಇರುತ್ತದೆ, ಇಪ್ಪತ್ತು ನಿಮಿಷ ಅಲುಗಾಡಬಾರದು, ಒಂದು ಮಾತೂ ಆಡಬಾರದು. ಗೋಡೆ ಹಿಡಿದು ನಿಂತಿದ್ದ ಮಾಮಾ ಆಗ ಬಾಯಿ ತೆರೆದರು.

"ಡಾಕ್ಟರ್‌ರೀ, ಬ್ಯಾರೆ ದಾರಿ ಇಲ್ಲೇನ್ರಿ?"

ಬಲಗಣ್ಣಿನ ಆಪರೇಷನ್ನಿನ ದಿನ ಅವಳನ್ನು ಒಳಗೆ ಕರೆದೊಯ್ದರು. ನಾನು, ಮಾಮಾ ಹೊರಗಿನ ಬೆಂಚಿನಲ್ಲಿ ಕೂತೆವು. ಐದು ನಿಮಿಷವಾಯಿತು, ಹತ್ತಾಯಿತು. ಮಾಮಾ ಕಿವಿಯನ್ನು ಬಾಗಿಲ ಕಡೆಗೇ ಇಟ್ಟಿದ್ದರು. ಬೆವರುತ್ತಿದ್ದರು.

"ಸಪ್ಪಳ ಇಲ್ಲಲ್ಲ ಬೇ" ಎಂದರು. ಮಾತಾಡಬಾರದೆಂದು ಡಾಕ್ಟರು ಹೇಳಿದ್ದಾರಲ್ಲ ಎಂದೆ.

"ಅವರು ಹೇಳಿದರ ಆಕಿ ಕೇಳಬೇಕಲ್ಲ. ನನಗ ಹೆದರಿಕಿ ಆಗಾಕತ್ತದ."

ನಾನು ಅವರ ಕೈ ಹಿಡಿದುಕೊಂಡೆ. ನಿಜ ಹೇಳಬೇಕೆಂದರೆ ನನಗೂ ಹೆದರಿಕೆಯಾಗಿತ್ತು. ಕೊನೆಗೆ ಒಳಗಿನಿಂದ ದನಿ ಬಂತು. ಇಪ್ಪತ್ತು ನಿಮಿಷ ಎಂದು ಹೇಳಿ ಇಪ್ಪತ್ತೈದು ಮಾಡಿದಿರಿ, ಇದು ಯಾವ ಲೆಕ್ಕ ಎಂದು ಅತ್ಯಾ ನರ್ಸಮ್ಮನನ್ನು ಕೇಳುತ್ತಿದ್ದಳು. ಮಾಮಾ ಶಲ್ಯದಿಂದ ಕಣ್ಣು ಒರೆಸಿಕೊಂಡು ನಕ್ಕರು.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಅತ್ಯಾ ರೆಪ್ಪೆ ಬಡಿದು ಮೊದಲು ಡಾಕ್ಟರನ್ನು ನೋಡಿದಳು, ಆಮೇಲೆ ಕಿಟಕಿಯನ್ನು, ಆಮೇಲೆ ಮಾಮಾನನ್ನು. ಮಾಮಾನ ಮೇಲೆ ನಿಂತ ಕಣ್ಣು ಬಹಳ ಹೊತ್ತು ಸರಿಯಲಿಲ್ಲ.

"ಇಷ್ಟು ಹಣ್ಣಾಗೀರಿ. ನನಗೊಂದು ಮಾತು ಹೇಳಿಲ್ಲಲ್ಲ."

"ಹೇಳಿದ್ದರ ನೀ ಒಪ್ಪತಿದ್ದಿಲ್ಲ" ಎಂದರು ಮಾಮಾ.

ಅಲ್ಲಿಂದ ನಮ್ಮ ಮನೆಗೆ ಕರೆತಂದೆ. ಆಟೋದಲ್ಲಿ ಅವಳು ಒಂದು ಮಾತೂ ಆಡಲಿಲ್ಲ. ಆಟೋದವನು ಸುತ್ತುದಾರಿಯಲ್ಲಿ ಕರೆತಂದರೂ ಆಡಲಿಲ್ಲ! ಮನೆಯಲ್ಲಿ ನಾನು ಬೇಕೆಂದೇ ಕಾಫಿಗೆ ಸಕ್ಕರೆ ಕಡಿಮೆ ಹಾಕಿ ಕೊಟ್ಟೆ. ಸುಮ್ಮನೆ ಕುಡಿದಳು. ಇವತ್ತು ಬಿಸಿಲಿಲ್ಲ ಎಂದೆ, ಹೊರಗೆ ನೆಲ ಸುಡುತ್ತಿತ್ತು. ಅದಕ್ಕೂ ಸುಮ್ಮನಿದ್ದಳು. ಕುರ್ಚಿಯಲ್ಲಿ ಕೂತು ನನ್ನನ್ನೂ ಮಾಮಾನನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡುತ್ತಿದ್ದಳು. ನನಗೆ ಗಾಬರಿಯಾಯಿತು. ಯಾಕೆ ಮಾತಾಡುತ್ತಿಲ್ಲ, ಕಣ್ಣು ನೋಯುತ್ತಿದೆಯಾ ಎಂದು ಕೇಳಿದೆ.

"ನೋವಿಲ್ಲ ಬೇ. ನೋಡಾಕತ್ತೀನಿ." ಮಾಮಾನ ಕಡೆಯಿಂದ ನನ್ನ ಕಡೆ ತಿರುಗಿ ಹೇಳಿದಳು: "ಎರಡು ವರ್ಷಾತು, ಯಾರ ಮಾರಿನೂ ಕಾಣತಿದ್ದಿಲ್ಲ. ಮುಂದ ಬಂದು ಕೂತರ ಮಂಜು ಮಂಜು ಇಷ್ಟ ಕಾಣತಿತ್ತು. ಯಾರು ಅಂತ ಕೇಳಾಕ ನಾಚಿಕಿ. ಏನರ ಒಂದು ಹುಜ್ಜತ್ ತೆಗದರ ಮಾತಾಡತಿದ್ದರು, ದನಿ ಮ್ಯಾಲ ಗುರ್ತು ಹಿಡೀತಿದ್ದೆ. ಸುಮ್ಮನ ಕೂತವರದೇ ತ್ರಾಸು. ಮನಿಯವರೋ ಹೊರಗಿನವರೋ, ತಿಳೀತಿದ್ದಿಲ್ಲ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಹಾಲಿಗೆ ಹೆಪ್ಪು ಹಾಕಿದ್ದೇನೆ ಎನ್ನುವಷ್ಟು ಸಾದಾ ಆಗಿ ಹೇಳಿದಳು. ನನಗೆ ಮಾತ್ರ ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನಿಸಿತು. ಎಷ್ಟು ರವಿವಾರ, ಎಷ್ಟು ತಾಸು, ಅವಳ ಎರಡೇ ಮೊಳ ದೂರದಲ್ಲಿ ಕೂತು ನಾನು ನಕ್ಕಿದ್ದೆ! ಕ್ಷಮಿಸು ಎನ್ನಬೇಕೆಂದು ಬಾಯಿ ತೆರೆದೆ. ಅತ್ಯಾ ಅಷ್ಟರಲ್ಲಿ ನನ್ನನ್ನು ಹತ್ತಿರಕ್ಕೆ ಕರೆದು, ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು.

"ಈ ಮಚ್ಚಿ ಯಾವಾಗ ಬಂತು?"

ಆ ಮಚ್ಚೆ ಹುಟ್ಟಿದಾಗಿನಿಂದ ಇದೆ ಎಂದೆ.

"ಇದ್ದಿದ್ದಿಲ್ಲ. ನೀ ಕೂಸಿದ್ದಾಗ ನಿನಗ ನೀರು ಎರದಾಕಿ ನಾನು."

ಹಿಂದಿನ ನಾನಾಗಿದ್ದರೆ ಅಲ್ಲಿಗೆ ಸುಮ್ಮನಾಗಿಬಿಡುತ್ತಿದ್ದೆ. ಒಲೆಯ ಮೇಲೆ ಅನ್ನ ಇತ್ತು, ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು ಮೇಜಿನ ಮೇಲಿತ್ತು. ನಾನು ಕುರ್ಚಿ ಎಳೆದುಕೊಂಡು, ಅವಳ ಮೊಣಕಾಲಿಗೆ ಮೊಣಕಾಲು ತಾಗುವಂತೆ ಎದುರಿಗೆ ಕೂತೆ. ಕಣ್ಣೊರೆಸಿಕೊಂಡು, ಇತ್ತು ಎಂದೆ. ಇಲ್ಲ ಎಂದಳು, ನನ್ನ ಮುಖದಿಂದ ಕಣ್ಣು ಕೀಳದೆ. ಇತ್ತು ಎಂದೆ. ಸಂಜೆಯವರೆಗೂ ನಾನು ಬಿಟ್ಟುಕೊಡಲಿಲ್ಲ.